ಗಾಜು ಏರಿಸಿದ ಕಾರಿನೊಳಗೆ ಅತ್ತೆ

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಾರಿನ ಬಣ್ಣ ಬೂದಿಯೋ ತಿಳಿನೀಲಿಯೋ ಎಂದು ಕೇಳಿದರೆ ಆಣೆಯಿಟ್ಟು ಹೇಳಲಾರೆ. ಆದರೆ ಅತ್ತೆಯ ಬೆರಳಿನ ಗೆಣ್ಣನ್ನು ಮಾತ್ರ ತಪ್ಪಾಗಿ ನೆನೆಯುತ್ತಿಲ್ಲ. ಉಸಿರಿನಿಂದ ಮಂಜಾದ ಗಾಜಿಗೆ ಒಳಗಿನಿಂದ ಅದು ಟಕ್ ಎಂದು ಬಡಿಯುತ್ತಿತ್ತು. ಬೆರಳು ದಪ್ಪಗಾಗಿ, ಮದುವೆಯ ಉಂಗುರ ಮಾಂಸದಲ್ಲಿ ಹೂತಿತ್ತು. ಒಂದು ಸಲ ಬಡಿದರೆ ನೀರು ಒಳಗೆ ಬಂತೆಂದು ಅರ್ಥ. ಎರಡು ಸಲ ಬಡಿದರೆ ಬಾಗಿಲು ತೆಗೆಯಿರಿ ಎಂದು.

ಅವರು ನನ್ನ ತಂದೆಯ ಅಕ್ಕ. ಕೋಣಂದೂರಿನಿಂದ ಸಾಗರಕ್ಕೆ ಮದುವೆಯಾಗಿ ಬಂದವರು. ಮಾವ ಸಾಗರದಲ್ಲಿ ವಕೀಲರು. ಅರವತ್ತರ ದಶಕದ ಆ ವರ್ಷಗಳಲ್ಲಿ ಹೈಸ್ಕೂಲು ಓದಲೆಂದು ನಾನು ಅವರ ಮನೆಯಲ್ಲಿದ್ದೆ.

ಕಾರು ಬರುವ ಮೊದಲು ಅತ್ತೆ ತವರಿಗೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಹೊಸನಗರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಸೊಂಟದಲ್ಲಿ ಎಲೆಯಡಿಕೆಯ ಚೀಲ, ವಾಂತಿ ಬರುವವರಿಗೆ ಮೂಸಲು ಕೊಡಲೆಂದು ಕೈಯಲ್ಲೊಂದು ನಿಂಬೆಹಣ್ಣು. ಆ ದಾರಿಯ ಕಂಡಕ್ಟರುಗಳೆಲ್ಲ ಅವರಿಗೆ ಗೊತ್ತು. “ಬಸ್ಸಲ್ಲಿ ಕೂತ್ರೆ ಊರ ಸುದ್ದಿ ಎಲ್ಲ ತಾನಾಗೇ ಮಡಿಲಿಗೆ ಬೀಳ್ತದೆ ಕಣೇ. ಮನೇಲಿ ಕೂತ್ರೆ ಬೀಳೋದು ಮಸಿ ಮಾತ್ರ” ಎನ್ನುತ್ತಿದ್ದರು.

ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಮಾವನಿಗೆ ಕಾರು ಸಿಕ್ಕಿತು. ಬೇಸಿಗೆಯಲ್ಲಿ ಬಂತು, ಹಾರ ಹಾಕಿಸಿಕೊಂಡಿತು, ಚಕ್ರದಡಿ ನಿಂಬೆಹಣ್ಣು ಚಚ್ಚಿತು. ಹಿಂದಿನ ಬಾಗಿಲುಗಳು ಒಳಗಿನಿಂದ ತೆರೆಯುವುದಿಲ್ಲವೆಂದು ಮೊದಲ ದಿನವೇ ತಿಳಿಯಿತು. ಮಾವ ಅದನ್ನು ದೋಷವೆಂದು ಒಪ್ಪಲಿಲ್ಲ. “ಹೆಂಗಸರು ಮಕ್ಕಳು ಬೀಳಬಾರದು ಅಂತ ಹಂಗೆ ಮಾಡಿರ್ತಾರೆ” ಎಂದರು. ಮಳೆ ಹಿಡಿದ ಮೇಲೆ ಕಾಲಿಡುವಲ್ಲಿ ನೀರು ನಿಂತಿತು. “ಹೊಸ ಕಾರು ಎಲ್ಲಾದ್ರೂ ಸೋರ್ತದಾ? ನೀನೇ ಗಾಜು ಇಳಿಸಿಟ್ಟಿರ್ಬೇಕು” ಎಂದು ಅತ್ತೆಯ ಮೇಲೆ ಹಾಕಿದರು.

ಶಿವಮೊಗ್ಗದ ಗ್ಯಾರೇಜಿನಲ್ಲಿ ಗಾಜಿನ ಸುತ್ತಲಿನ ರಬ್ಬರು ಬದಲಾಯಿಸಿದರು. ಮತ್ತೆ ಸೋರಿತು. ಆಗ ಶುರುವಾದದ್ದು ಭಾನುವಾರದ ಪರೀಕ್ಷೆ. ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಗಾಜೆಲ್ಲ ಏರಿಸಿ, ಮಾವ ಸ್ಟೂಲಿನ ಮೇಲೆ ನಿಂತು ಕೊಡದಿಂದ ನೀರು ಸುರಿಯುವರು. ಎಷ್ಟೋ ಸಲ ನಾನೂ ಅತ್ತೆಯ ಪಕ್ಕದಲ್ಲಿ ಇರುತ್ತಿದ್ದೆ. ಒಳಗೆ ಹೊಸ ರೆಕ್ಸಿನ್ನಿನ ವಾಸನೆ, ಬೆವರು. ಹೊರಗೆ ನೀರಿನ ಹಿಂದೆ ಮಾವನ ಮುಖ ಅಲುಗಾಡುತ್ತಿತ್ತು. ಅತ್ತೆ ಗಾಜು ಬಡಿದರೆ ವಿಚಾರಣೆ ಆರಂಭ.

“ಎಲ್ಲಿಂದ ಬಂತು?”

“ಮುಂದಿಂದ ಬಂದಂಗಾತು.”

“ಬಂದಂಗಾತು ಅಂದ್ರೆ? ಕಂಡ್ಯಾ, ಊಹೆಯಾ?”

“ಇಲ್ಲಿ ಉಸಿರೇ ಕಾಣ್ತಿಲ್ಲ, ಇನ್ನು ನೀರೆಲ್ಲಿ ಕಾಣ್ತದೆ? ಬಾಗಿಲು ತೆಗೀರಿ ಮಾರಾಯ್ರಾ.”

“ಇನ್ನೊಂದು ಕೊಡ ಅದೆ, ತಡಿ.”

ಅತ್ತೆ ನನ್ನತ್ತ ತಿರುಗಿ, “ನಿಮ್ಮ ಮಾವಂಗೆ ಕೋರ್ಟಲ್ಲಿ ಸಿಗೋ ಸಾಕ್ಷಿಗಳು ರಾತ್ರಿಯಾದ್ರೆ ಮನೆಗೆ ಹೋಗ್ತಾರೆ. ನಾ ಎಲ್ಲಿಗೆ ಹೋಗ್ಲಿ?” ಎಂದು ನಗುವರು. ನಾನೂ ನಗುತ್ತಿದ್ದೆ. ಅದು ನಗುವ ಮಾತಾಗಿತ್ತೇ ಎಂದು ಈಗ ಯೋಚಿಸುತ್ತೇನೆ.

ಆಷಾಢದ ಒಂದು ಸಂಜೆ ಬಸ್ಸಿನ ಕಂಡಕ್ಟರು ಮನೆಯವರೆಗೂ ಬಂದರು. ಕೋಣಂದೂರಿನಿಂದ ನನ್ನ ತಂದೆ ಹೇಳಿ ಕಳಿಸಿದ್ದರು: ಅತ್ತೆಯ ತಾಯಿ, ನನ್ನ ಅಜ್ಜಿ, ಹಾಸಿಗೆ ಹಿಡಿದಿದ್ದಾರೆ, ಗಂಜಿ ಇಳಿಯುತ್ತಿಲ್ಲ. “ಬೆಳಿಗ್ಗೆ ನನ್ನ ಬಸ್ಸಿಗೇ ಬರ್ರಮ್ಮ, ಮುಂದಿನ ಸೀಟು ಇಟ್ಟಿರ್ತೀನಿ” ಎಂದರು ಕಂಡಕ್ಟರು. ಅತ್ತೆ ಬಾಯಿ ತೆರೆಯುವ ಮೊದಲೇ ಮಾವ ಉತ್ತರ ಕೊಟ್ಟರು: “ಮನೇಲಿ ಕಾರಿದೆಯಲ್ಲ ಮಾರಾಯ, ಬಸ್ಸು ಯಾಕೆ?”

ಅತ್ತೆ ಒಳಗೆ ಬಂದು, “ನಾ ಬಸ್ಸಲ್ಲೇ ಹೋಗ್ತೀನಿ” ಎಂದರು.

“ಕಾರಿಟ್ಕಂಡು ವಕೀಲನ ಹೆಂಡ್ತಿ ಬಸ್ಸಲ್ಲಿ ಇಳಿದ್ರೆ ನಿಮ್ಮೂರಲ್ಲಿ ಎಂತ ಹೇಳ್ತಾರೆ? ಸೋರೋ ಕಾರು ತಗಂಡು ಹೋದ್ರೂ ನಗ್ತಾರೆ. ಎರಡು ದಿನ ತಡಿ, ಸೋರೋದು ಸರಿ ಮಾಡಿಸ್ತೀನಿ.”

ಮಾವ ಕ್ರೂರಿಯಲ್ಲ. ಅಜ್ಜಿಯ ಮೇಲೆ ಅವರಿಗೂ ಪ್ರೀತಿಯಿತ್ತು. ಅಳಿಯನ ಹೊಸ ಕಾರಿನ ಸುದ್ದಿಯನ್ನು ಅಜ್ಜಿ ಊರಿಗೆಲ್ಲ ಹೇಳಿದ್ದರಂತೆ. ಆ ಹೆಮ್ಮೆಗೆ ಕಾರಿನ ಒದ್ದೆ ನೆಲ ತೋರಿಸಲು ಅವರಿಗೆ ಆಗಲಿಲ್ಲ.

ಮರುದಿನ ಮಾವ ಕೋರ್ಟಿಗೆ ಹೋದ ಮೇಲೆ ಅತ್ತೆ ರಂಗೋಲಿ ಪುಡಿಯ ಡಬ್ಬಿ ಹಿಡಿದು ಕಾರಿನ ಬಳಿ ಬಂದರು. ನೀರು ಬೀಳುವ ಜಾಗ ಹುಡುಕಿದರೆ ಸಾಲದು, ಅದು ಬರುವ ದಾರಿ ಹುಡುಕಬೇಕು ಎಂದರು. ಕಾರಿನ ಒಳಗೆ ಮುಂದಿನ ಗಾಜಿನ ಕೆಳಗೆ, ಕಾಲಿಡುವ ಜಾಗದ ಮೇಲ್ಭಾಗದಲ್ಲೆಲ್ಲ ಪುಡಿ ಹಾರಿಸಿದರು. ನನ್ನಿಂದ ನೀರು ಸುರಿಸಿದರು. ಬಿಳಿ ಪುಡಿಯಲ್ಲಿ ಕಪ್ಪು ದಾರದಂತೆ ಒಂದು ಗೆರೆ ಇಳಿಯಿತು. ಅದರ ತುದಿ ಹಿಡಿದು ಮೇಲಕ್ಕೆ ಹೋದರೆ, ಎರಡು ತಗಡು ಸೇರುವಲ್ಲಿ ಬೆಸುಗೆಯೇ ಬಿದ್ದಿರಲಿಲ್ಲ. ಕಾರ್ಖಾನೆಯವರು ಸಂದಿಯ ಮೇಲೆ ಹಾಗೇ ಬಣ್ಣ ಬಳಿದಿದ್ದರು. ಅತ್ತೆಯ ಕಿರುಬೆರಳು ಒಳಗೆ ಹೋಯಿತು. ಹಲಸಿನ ಮೇಣ ಬಿಸಿ ಮಾಡಿ ತಂದು ಸಂದಿಗೆ ತುಂಬಿದರು. ಎಷ್ಟು ನೀರು ಹೊಯ್ದರೂ ಪುಡಿ ಒಣಗಿಯೇ ಇತ್ತು. ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಮಾವ ಬಂದು ನೋಡಿದರು, ಬಹಳ ಖುಷಿಪಟ್ಟರು. ಆಮೇಲೆ ಚಾಕು ತಂದು ಮೇಣ ಕೆರೆಯತೊಡಗಿದರು.

“ಎಂತ ಮಾಡ್ತಿದ್ದೀರಿ?”

“ಇದು ಸಾಕ್ಷ್ಯ. ಕಂಪನಿಯವನು ಬಂದು ಕಣ್ಣಾರೆ ನೋಡ್ಬೇಕು. ಮುಚ್ಚಿದ್ರೆ, ಸೋರ್ತಾನೇ ಇರ್ಲಿಲ್ಲ ಅಂತಾನೆ. ಕಾಗದ ಹಾಕಿದ್ದೆ, ಸೋಮವಾರ ಬರ್ತಾನೆ, ಅಲ್ಲಿವರೆಗೆ ಗಾಡಿ ಅಲುಗಾಡಿಸಬಾರದು.”

“ಅಮ್ಮ ಸೋಮವಾರದವರೆಗೆ ಕಾಯ್ತಾಳಾ?”

ಮಾವ ಚಾಕು ನಿಲ್ಲಿಸಿದರು. ಅಥವಾ ನಿಲ್ಲಿಸಿದರೆಂದು ನನಗೆ ಅನ್ನಿಸುತ್ತದೆ. ಮೇಣ ಮಾತ್ರ ಪೂರ್ತಿ ಹೋಯಿತು.

ಸೋಮವಾರಕ್ಕೆ ಮೊದಲೇ ಅಜ್ಜಿ ತೀರಿಕೊಂಡ ಸುದ್ದಿ ಬಂತು. ಆಗ ಮಾವ ಸಾಕ್ಷ್ಯವನ್ನೂ ನೋಡಲಿಲ್ಲ, ಮಳೆಯನ್ನೂ ನೋಡಲಿಲ್ಲ, ಕಾರು ತೆಗೆದರು. ಅತ್ತೆಯೂ ನಾನೂ ಹಿಂದೆ ಕಾಲು ಮಡಚಿ ಕುಳಿತೆವು. ಕೆಳಗೆ ನೀರು ಹಿಂದೆ ಮುಂದೆ ಹರಿಯುತ್ತಿತ್ತು. ಕೋಣಂದೂರಿನಲ್ಲಿ ಮಾವ ಇಳಿದವರೇ ಗಂಡಸರ ಗುಂಪಿನತ್ತ ನಡೆದುಬಿಟ್ಟರು. ಅತ್ತೆ ಗಾಜು ಬಡಿದರು, ಎರಡು ಸಲ. ಮತ್ತೆ ಎರಡು ಸಲ. ಸುತ್ತ ನೆರೆದವರು ದುಃಖಕ್ಕೆ ಬಡಿಯುತ್ತಿದ್ದಾರೆಂದುಕೊಂಡು ಸುಮ್ಮನೆ ನಿಂತಿದ್ದರು. ಗಾಜು ಇಳಿಸಿ ಕೈ ಹೊರಗೆ ಹಾಕಿದ್ದರೆ ಬಾಗಿಲು ತೆರೆಯುತ್ತಿತ್ತು. ಅದು ಅವರಿಗೂ ನನಗೂ ಯಾಕೆ ಹೊಳೆಯಲಿಲ್ಲ? ಅಷ್ಟು ಭಾನುವಾರಗಳ ಅಭ್ಯಾಸವೇ ಇರಬೇಕು. ಕೊನೆಗೆ ನನ್ನ ತಂದೆ ಓಡಿ ಬಂದು ತೆಗೆದರು.

ಹದಿಮೂರನೆಯ ದಿನದ ಊಟ ಮುಗಿದು ಹೊರಡುವಾಗ ಮಾವ ಕಾರಿನ ಬಾಗಿಲು ತಾವೇ ತೆರೆದು ಹಿಡಿದರು. ಅತ್ತೆ ಎಲ್ಲರ ಎದುರಿಗೆ ಹೇಳಿದರು: “ನೀವು ಕಾರಲ್ಲಿ ಬನ್ನಿ. ನಾನೂ ಕೂಸೂ ಬಸ್ಸಲ್ಲಿ ಬರ್ತೀವಿ.” ನನ್ನ ಕೈ ಹಿಡಿದು ನಡೆದೇಬಿಟ್ಟರು. ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ, ಟಾರ್ಪಾಲಿನ ಪರದೆ. ಮಳೆ ಅತ್ತೆಯ ಹೆಗಲ ಮೇಲೇ ಬೀಳುತ್ತಿತ್ತು. “ಇದೂ ಸೋರ್ತದೆ ನೋಡು” ಎಂದರು. “ಆದ್ರೆ ಹೋಗ್ತದೆ.” ಆಮೇಲೆ ಹೊಸನಗರದವರೆಗೂ ಅತ್ತರು.

ಕಂಪನಿಯವನು ಯಾವಾಗಲೋ ಬಂದು, ಮಲೆನಾಡಿನ ಮಳೆಗೆ ಎಲ್ಲ ಕಾರೂ ಸೋರುತ್ತವೆ ಎಂದು ಹೇಳಿ ಹೋದ. ಅತ್ತೆ ಆ ಕಾರಿಗೆ ಮತ್ತೆ ಹತ್ತಲಿಲ್ಲ. ಮೈಸೂರಿನಲ್ಲಿ ನನಗೆ ಕಾಲೇಜು ಸೀಟು ಸಿಕ್ಕಾಗ ಕಳಿಸುವುದೋ ಬೇಡವೋ ಎಂದು ಮನೆಯಲ್ಲಿ ಗಂಡಸರು ಚರ್ಚಿಸುತ್ತಿದ್ದರು. ಅವರ ಮಾತು ಮುಗಿಯುವ ಮೊದಲೇ ಅತ್ತೆ ನನ್ನ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿಯಾಗಿತ್ತು. ನಾನು ಓದಿದ್ದೆಲ್ಲ ಆ ಅವಸರದ ಋಣ.

ಕಳೆದ ವರ್ಷ ಅತ್ತೆ ಹೋದರು. ತಾಯಿಯ ಕೊನೆಯ ದಿನಗಳ ಬಗ್ಗೆ ಅವರು ತಮ್ಮನನ್ನು ಒಮ್ಮೆಯೂ ಕೇಳಿರಲಿಲ್ಲ. ಅವರ ಕರ್ಮವೆಲ್ಲ ಮುಗಿದ ಸಂಜೆ ಜಗಲಿಯಲ್ಲಿ ತಂದೆ ಒಬ್ಬರೇ ಕುಳಿತಿದ್ದರು. ನಾನು ಹತ್ತಿರ ಹೋಗಿ ಕೇಳಿದೆ: “ಅಪ್ಪಾ, ಅಜ್ಜಿ ಕೊನೆಗೆ ಅತ್ತೆ ಬಂದ್ಲಾ ಅಂತ ಕೇಳಿದ್ರಾ?”

ತಂದೆ ನನ್ನನ್ನು ನೋಡಿದರು. “ಬಸ್ಸು ಎಷ್ಟೊತ್ತಿಗೆ ನಿಂಗೆ?” ಎಂದರು.