ಬೈಯುವವರಿದ್ದ ಓಣಿ

ಹೆಂಡತಿ ಕಾಮಾಲೆಯಾಗಿ ತೀರಿಕೊಂಡಾಗ ನಮ್ಮ ಮಗಳಿಗೆ ಆರು ವರ್ಷ. ಎಪ್ಪತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಜವನಗೊಂಡನಹಳ್ಳಿ ಹತ್ತಿರದ ನಮ್ಮ ಹಟ್ಟಿಯಲ್ಲಿ ಅವ್ವ, ಅಣ್ಣ, ಅತ್ತಿಗೆ ಇದ್ದರು. ಕುರಿಗಳಿದ್ದವು, ಒಂದಿಷ್ಟು ಹೊಲವೂ ಇತ್ತು. ಮಗುವನ್ನು ಅವರ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ, ವಾರಕ್ಕೊಮ್ಮೆ ಬರುತ್ತಿದ್ದೆ. ಬಂದಾಗ ಅವಳು ಓಡಿ ಬರುತ್ತಿರಲಿಲ್ಲ. ಬಾಗಿಲ ಪಕ್ಕ ನಿಂತು, ಇವನು ಎಷ್ಟು ಹೊತ್ತು ಇರುತ್ತಾನೋ ಎನ್ನುವಂತೆ ನೋಡುತ್ತಿದ್ದಳು.

ಒಂದು ಸಲ ಹಾಗೆ ಹೋದಾಗ ಚೊಂಬಿನಲ್ಲಿ ನೀರು ತಂದಿಟ್ಟು, "ನೀವು ಉಂಡ್ರಾ?" ಎಂದು ಕೇಳಿದಳು. ನೆಂಟರನ್ನು ಕೇಳುವ ಹಾಗೆ. ಅತ್ತಿಗೆ ನಕ್ಕರು. ನನಗೆ ನಗು ಬರಲಿಲ್ಲ. ಆ ಸಂಜೆಯೇ ಅವ್ವನಿಗೆ ಹೇಳಿದೆ, ಮಗಳನ್ನು ನನ್ನ ಜೊತೆ ಕರೆದುಕೊಂಡು ಹೋಗುತ್ತೇನೆ ಎಂದು.

"ಗಂಡಸು ನೀನು. ಹೆಣ್ಣು ಕೂಸನ್ನ ಒಬ್ಬನೇ ಹೆಂಗೆ ಸಾಕ್ತೀಯ?" ಎಂದಳು ಅವ್ವ. "ಇನ್ನೊಂದು ಮದುವೆ ಆಗು, ಆಮೇಲೆ ಕರ್ಕಂಡು ಹೋಗು. ಜಡೆ ಹಾಕಾಕಾದ್ರೂ ಬರ್ತೈತೇನಪ್ಪ ನಿನಗೆ?"

"ಹಗ್ಗ ಹೊಸೆಯಾಕೆ ಬರ್ತೈತಲ್ಲವ್ವ. ಜಡೆನೂ ಬರ್ತೈತೆ."

ಬಸ್ಸಿನ ಮಾಲೀಕರು ಒಳ್ಳೆಯವರು. ಅವರ ಬಸ್ಸುಗಳು ಹಿರಿಯೂರು, ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಈ ನಾಲ್ಕೂ ಊರುಗಳಲ್ಲಿ ರಾತ್ರಿ ತಂಗುತ್ತಿದ್ದವು. "ನೀನು ಎಲ್ಲಿ ಮನೆ ಮಾಡ್ತೀಯೋ ಆ ಊರಿನ ಬಸ್ಸಿಗೇ ನಿನ್ನ ಹಾಕ್ತೀನಿ. ಊರು ನೀನೇ ಆರಿಸ್ಕೊ," ಎಂದರು. ರಜೆ ಸಿಕ್ಕಾಗಲೆಲ್ಲ ಮಗಳ ಕೈ ಹಿಡಿದುಕೊಂಡು ಮನೆ ಹುಡುಕಲು ಹೊರಟೆ.

ಹಿರಿಯೂರಿನಲ್ಲಿ ಬಸ್ ನಿಲ್ದಾಣದ ಹತ್ತಿರವೇ ಒಂದು ಮನೆ ಖಾಲಿ ಇತ್ತು. ಮನೆಯವರು, "ಹೆಂಗಸ್ರು ಯಾರವ್ರೆ ಮನೇಲಿ?" ಎಂದು ಕೇಳಿದರು. ಮಗಳನ್ನು ತೋರಿಸಿದೆ. ಅವರಿಗೆ ಮುಜುಗರವಾಯಿತು. "ಹಂಗಲ್ಲ, ಸಂಸಾರಸ್ಥರಿಗೆ ಕೊಡಾಣ ಅಂತ ಇದೀವಿ," ಎಂದರು. ರಸ್ತೆಗೆ ಬಂದ ಮೇಲೆ ಮಗಳು, "ಸಂಸಾರ ಅಂದ್ರೆ ಏನಪ್ಪ?" ಎಂದಳು. ನಾನು, ನೀನು ಎಂದೆ. ಅಪ್ಪ ಎಂದು ಕರೆದಳಲ್ಲ ಎನ್ನುವ ಸಮಾಧಾನದಲ್ಲಿ ಮನೆ ಸಿಗದ ಬೇಸರ ಅಷ್ಟಾಗಿ ತಾಗಲಿಲ್ಲ.

ಚಿತ್ರದುರ್ಗದಲ್ಲಿ ಸಿಕ್ಕ ಮನೆ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು. ಕೋಟೆಯ ಕಡೆಗಿನ ಬೀದಿ, ಆಫೀಸಿಗೆ ಹೋಗುವವರ ಮನೆಗಳು, ನಾಲ್ಕು ಹೆಜ್ಜೆ ದೂರದಲ್ಲಿ ಶಾಲೆ. ಬಾಡಿಗೆಗೆ ಕೊಡುವುದಕ್ಕೂ ಒಪ್ಪಿದ್ದರು. ಮುಂಗಡ ಕೊಡುವ ಮೊದಲು ಯಾಕೋ ಆ ಮನೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ. ನಡು ಮಧ್ಯಾಹ್ನ. ಎಲ್ಲ ಬಾಗಿಲೂ ಮುಚ್ಚಿದ್ದವು. ಮೂರೋ ನಾಲ್ಕೋ ವರ್ಷದ ಒಂದು ಮಗು ಎದುರಿಗೆ ಓಡುತ್ತಾ ಬಿದ್ದು ಮಂಡಿ ತರಚಿಕೊಂಡು ಅಳತೊಡಗಿತು. ಯಾರಾದರೂ ಬರುತ್ತಾರೆ ಎಂದು ಕಾದೆ. ಯಾರೂ ಬರಲಿಲ್ಲ. ಕೆಟ್ಟವರೇನಲ್ಲ, ಅವರವರ ಪಾಡಿಗೆ ಒಳಗಿದ್ದರು, ಅಷ್ಟೇ. ನಾನೇ ಹೋಗಿ ಎತ್ತಿ ಸಮಾಧಾನ ಮಾಡಿದೆ. ನಾನು ಬಸ್ಸಿನಲ್ಲಿರುವಾಗ ನನ್ನ ಮಗಳು ಹೀಗೆ ಬಿದ್ದರೆ ಎಂಬ ಯೋಚನೆ ಬಂದದ್ದೇ ಮುಂಗಡ ಕೊಡದೆ ಅಲ್ಲಿಂದ ಹೊರಟೆ.

ಹೊಸದುರ್ಗದ ಮನೆಯಾಕೆ ತುಂಬ ಮರುಗಿದರು. ತಾಯಿಲ್ಲದ ಕೂಸು, ತಾಯಿಲ್ಲದ ಕೂಸು ಎಂದು ತಲೆ ಸವರಿ, ಕಣ್ಣೊರೆಸಿಕೊಂಡು, ಕೈಗೆ ಬೆಲ್ಲ ಕೊಟ್ಟರು. ವಾಪಸು ಬರುವಾಗ ಆ ಬೆಲ್ಲ ಮಗಳ ಮುಷ್ಟಿಯಲ್ಲೇ ಕರಗುತ್ತಿತ್ತು. "ಆ ಮನೆ ಬೇಡಪ್ಪ. ಅವರು ನನ್ನ ನೋಡಿದಾಗೆಲ್ಲ ಅಳ್ತಾರೆ," ಎಂದಳು. ಸರಿ ಬಿಡು ಎಂದೆ.

ಹೊಳಲ್ಕೆರೆಗೆ ನಾವು ಮನೆ ಹುಡುಕಲು ಹೋದದ್ದಲ್ಲ. ಒಂದು ದಿನ ಅವಳನ್ನು ಬಸ್ಸಿನಲ್ಲೇ ಕರೆದುಕೊಂಡು ಹೊರಟಿದ್ದೆ. ಆ ಊರಿನಲ್ಲಿ ಬಸ್ಸು ಕೆಟ್ಟು ನಿಂತಿತು. ಡ್ರೈವರ್ ಮೆಕ್ಯಾನಿಕ್ಕನ್ನು ಕರೆತರಲು ಹೋದ. ಜನ ಬೇರೆ ಬಸ್ಸು ಹತ್ತಿದರು. ನಾವಿಬ್ಬರೂ ಬೀಡಾ ಅಂಗಡಿಯಿದ್ದ ಒಂದು ಓಣಿಗೆ ನಡೆದೆವು. ಓಣಿಯ ಉದ್ದಕ್ಕೂ ಜಗಲಿಗಳ ಮೇಲೆ ಹೆಂಗಸರು ಕೂತು, ಮಂಡಿ ವ್ಯಾಪಾರಿಗಳು ಕೊಟ್ಟ ಅಡಿಕೆ ಸುಲಿಯುತ್ತಿದ್ದರು. ನಾನು ಅಂಗಡಿಯವನ ಜೊತೆ ಮಾತಿಗೆ ನಿಂತೆ. ಬೆನ್ನ ಹಿಂದೆ ಒಂದು ಗಟ್ಟಿ ದನಿ ಕೇಳಿಸಿತು.

"ಲೇ, ಇಳಿಯೇ ಕೆಳಗೆ. ಯಾರ ಕೂಸೇ ನೀನು? ಬಾವಿ ಅಂದ್ರೆ ಆಟದ ಸಾಮಾನು ಅಂದ್ಕಂಡಿಯಾ?"

ತಿರುಗಿ ನೋಡಿದರೆ ನನ್ನ ಮಗಳು ಬಾವಿಕಟ್ಟೆಯ ಮೇಲಿದ್ದಳು. ನಾನು ಹತ್ತಿರ ಓಡುವಷ್ಟರಲ್ಲಿ ಒಬ್ಬ ಅಜ್ಜಿ ಅವಳನ್ನು ರಟ್ಟೆ ಹಿಡಿದು ಇಳಿಸಿಯಾಗಿತ್ತು. ಮಗಳು ಬಿಕ್ಕುತ್ತಿದ್ದಳು. ಅಜ್ಜಿ ನನ್ನನ್ನೂ ಬಿಡಲಿಲ್ಲ.

"ನಿನ್ನ ಮಗಳೇನಪ್ಪ? ಬಾವಿ ಹತ್ರ ಕೂಸು ಬಿಟ್ಟು ಅದೇನು ಅಂಥಾ ಮಾತು ನಿಂದು?"

ಅಜ್ಜಿಯ ಕಣ್ಣು ಮಗಳ ತಲೆಯ ಮೇಲೆ ಹೋಯಿತು.

"ಈ ಜಡೆ ಯಾರು ಹಾಕಿದ್ದು?"

"ನಾನೇ. ಇವರಮ್ಮ ಇಲ್ಲ."

ಅಜ್ಜಿ ಅಯ್ಯೋ ಎನ್ನಲಿಲ್ಲ. "ಕುರಿ ಕಟ್ಟೋ ಹಗ್ಗ ಹೊಸೆದಂಗೆ ಹೊಸೆದೀಯಲ್ಲೋ. ಹುಬ್ಬೆಲ್ಲ ಮೇಲಕ್ಕೆ ಎಳ್ಕಂಡೈತೆ ನೋಡು. ಬಾರೇ ಇಲ್ಲಿ," ಎಂದು ಮಗಳನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಅಡಿಕೆಯ ಚೊಗರು ಹಿಡಿದ ಕೈಯನ್ನು ಸೆರಗಿಗೆ ಒರೆಸಿ, ಜಡೆ ಬಿಚ್ಚಿದಳು. ಮತ್ತೆ ಹೆಣೆಯುವಾಗ ನನಗೂ ಹೇಳಿಕೊಟ್ಟಳು, ಬುಡದಲ್ಲಿ ಸಡಿಲ ಬಿಡಬೇಕು, ಕೆಳಗೆ ಹೋಗ್ತಾ ಬಿಗಿ ಮಾಡಬೇಕು. ಅಷ್ಟರಲ್ಲಿ ಎದುರು ಮನೆಯಾಕೆ ಪಕ್ಕದ ಮನೆಯ ಹುಡುಗಿಯನ್ನು, ಕೈ ತೊಳೆಯದೆ ರೊಟ್ಟಿ ತಿಂತೀಯಾ ಎಂದು ಗದರಿಸಿದಳು. ಹುಡುಗಿ ತಕರಾರಿಲ್ಲದೆ ಹೋಗಿ ತೊಳೆದುಕೊಂಡು ಬಂದಿತು. ಅದರ ತಾಯಿ ಅಲ್ಲೇ ಕೂತಿದ್ದವಳು ತಲೆ ಕೂಡ ಎತ್ತಲಿಲ್ಲ.

ನಾನು ಇಷ್ಟು ದಿನ ಹುಡುಕುತ್ತಿದ್ದುದು ಮನೆಯನ್ನಲ್ಲ, ಇದನ್ನು ಎಂದು ಆಗ ಗೊತ್ತಾಯಿತು.

"ಇಲ್ಲಿ ಬಾಡಿಗೆಗೆ ಮನೆ ಐತಾ ಅಜ್ಜಿ?"

"ಎಷ್ಟು ಜನ ಇರ್ತೀರಿ?"

"ನಾವಿಬ್ರೇ."

"ಇಬ್ರಿಗೆ ಎಷ್ಟು ಜಾಗ ಬೇಕು. ನಮ್ಮ ಹಿಂದಿನ ಕೋಣೆ ಖಾಲಿ ಐತೆ. ಮಳೆ ಬಂದ್ರೆ ಮೂಲೇಲಿ ಸೋರ್ತೈತೆ, ಆಮೇಲೆ ಹೇಳಲಿಲ್ಲ ಅನ್ನಬ್ಯಾಡ."

ಕೋಣೆ ನೋಡಿ ಬಂದೆವು. ಬಸ್ಸು ಸರಿಹೋಗಿ ಹೊರಟ ಮೇಲೆ ಮಗಳನ್ನು ಕೇಳಿದೆ, ಅಜ್ಜಿ ಬೈತಾರಲ್ಲ, ನಿನಗೆ ಆಗುತ್ತಾ ಎಂದು. ಅವಳು ಹೊಸ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ನೋಡುತ್ತಾ, "ಅವರು ಎಲ್ಲಾರಿಗೂ ಬೈತಾರೆ," ಎಂದಳು.

ಆ ಓಣಿಯಲ್ಲೇ ನಾವು ನೆಲೆ ನಿಂತೆವು. ಬೆಳಿಗ್ಗೆ ಜಡೆ ಹಾಕಿ, ರೊಟ್ಟಿ ಕಟ್ಟಿಕೊಟ್ಟು ಬಸ್ಸಿಗೆ ಓಡುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಅವಳು ಯಾವುದಾದರೂ ಒಂದು ಜಗಲಿಯ ಮೇಲೆ ಇರುತ್ತಿದ್ದಳು. ಸಂಜೆ ನಾನು ಮರಳುವಾಗ, ಇವತ್ತು ಏನೇನು ಮಾಡಿದಳು ಎಂಬ ದೂರುಗಳು ಓಣಿಯ ಬಾಯಿಂದಲೇ ಶುರುವಾಗುತ್ತಿದ್ದವು. ನನ್ನ ಕೋಣೆ ತಲುಪುವ ಹೊತ್ತಿಗೆ ಅವಳ ಇಡೀ ದಿನ ನನಗೆ ಗೊತ್ತಾಗಿರುತ್ತಿತ್ತು.

ಅವಳು ಏಳನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಯಾರೂ ದೂರು ಹೇಳಲಿಲ್ಲ. ಎಲ್ಲ ಮುಖದಲ್ಲೂ ನಗು. ನಮ್ಮ ಕೋಣೆಯಲ್ಲಿ ದೀಪ ಉರಿಯುತ್ತಿತ್ತು, ಹೆಂಗಸರ ಹಾಡು ಕೇಳಿಸುತ್ತಿತ್ತು. ಮಗಳು ಹೊಸ ಲಂಗ ಉಟ್ಟು, ಹೂ ಮುಡಿದು, ತಲೆ ತಗ್ಗಿಸಿ ಚಾಪೆಯ ಮೇಲೆ ಕೂತಿದ್ದಳು. ಆರತಿ ತಟ್ಟೆ ಪಕ್ಕದಲ್ಲಿತ್ತು. ಮಗಳು ದೊಡ್ಡವಳಾದಳೆಂದು ತಿಳಿದು, ಟಿಕೆಟ್ ಚೀಲ ಹೆಗಲಲ್ಲೇ ಇರುವಂತೆ ನಾನು ಹೊರಗೇ ನಿಂತೆ.

"ಅಲ್ಲೇ ಯಾಕೆ ನಿಂತೆ? ನಿನ್ನ ಮಗಳೇ ಕಣೋ, ಬಾ," ಎಂದಳು ಅಜ್ಜಿ.

ಹೆಂಡತಿ ಹೋದಂದಿನಿಂದ ಈ ದಿನವನ್ನು ನೆನೆದು ಹೆದರುತ್ತಿದ್ದೆ. ಇವಳಿಗೆ ಯಾರು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂದು. ನಾನು ಚಿತ್ರದುರ್ಗದ ದಾರಿಯಲ್ಲಿ ಟಿಕೆಟ್ ಹರಿಯುತ್ತಿದ್ದಾಗ ಅದೆಲ್ಲ ಮುಗಿದೇ ಹೋಗಿತ್ತು. ಒಳಗೆ ಹೋಗಿ ಗೋಡೆಗೊರಗಿ ಕೂತೆ. ಮಗಳು ತಲೆಯೆತ್ತದೆಯೇ ಎಳ್ಳು ಬೆಲ್ಲದ ಒಂದು ಚಿಗಳಿ ಉಂಡೆಯನ್ನು ನನ್ನ ಕೈಯಲ್ಲಿಟ್ಟಳು. ಹೆಂಗಸರು ಮತ್ತೆ ಹಾಡತೊಡಗಿದರು. ನಾನು ಉಂಡೆಯನ್ನು ನಿಧಾನವಾಗಿ ತಿಂದೆ.