ಶಾಸಕರ ಮಾತು ಹುಡುಕಿ ಹೋದ ಲೋಲಾಕ್ಷಿ

೧೯೫೪ರ ಆಟಿ ತಿಂಗಳು, ಜಡಿಮಳೆಯ ಕಾಲ. ಅಡೂರಿನ ಬಳಿಯ ಅತ್ತಿಮಾರು ಕಡವಿನಲ್ಲಿ ಹೊಳೆ ಉಕ್ಕಿ, ದೋಣಿಯವನು ಹುಟ್ಟು ಮುಟ್ಟಲಿಲ್ಲ. ಸೂಲಗಿತ್ತಿ ಲೋಲಾಕ್ಷಿ ಈಚೆ ದಡದಲ್ಲಿ, ಹೆರಿಗೆ ನೋವು ತಿನ್ನುತ್ತಿದ್ದ ಕಿನ್ನಿ ಆಚೆ. ನೀರಿಳಿದು ಲೋಲಾಕ್ಷಿ ದಾಟುವಷ್ಟರಲ್ಲಿ ತಾಯಿ ಮಗು ಇಬ್ಬರೂ ಉಳಿದಿರಲಿಲ್ಲ.

ಮೊದಲೇ ಲೋಲಾಕ್ಷಿಯದು ಓಡುನಡಿಗೆ. ಗಂಡ ತೀರಿಕೊಂಡ ಮೇಲೆ ನಿಂತು ಉಂಡದ್ದೇ ಹೆಚ್ಚು. ಈಗಂತೂ ಕೂತಲ್ಲಿ ಕೂರಲಾಗಲಿಲ್ಲ. ಹಿಂದಿನ ಚುನಾವಣೆಯಲ್ಲಿ ಗೆದ್ದು ಮದ್ರಾಸಿನ ಶಾಸನಸಭೆಗೆ ಹೋದ ವಕೀಲರು ಇದೇ ದಡದಲ್ಲಿ ನಿಂತು ಸೇತುವೆಯ ಭರವಸೆ ಕೊಟ್ಟಿದ್ದರು. ಮತ್ತೆ ಮುಖ ತೋರಿಸಿರಲಿಲ್ಲ.

“ಮದ್ರಾಸಿನಲ್ಲಿ ಕೂತು ಈ ಮನುಷ್ಯ ಮಾಡುವುದು ಎಂತ?” ಎಂದು ಹೋದ ಮನೆಗಳಲ್ಲೆಲ್ಲ ಕೇಳುತ್ತಿದ್ದಳು.

“ನಿದ್ದೆ,” ಎಂದು ಜನ ನಗುತ್ತಿದ್ದರು. ಅವಳಿಗೆ ನಗು ಬರುತ್ತಿರಲಿಲ್ಲ.

ಶಾಸನಸಭೆಯ ಮಾತುಗಳೆಲ್ಲ ಅಚ್ಚಾಗಿ ಮಂಗಳೂರಿನ ವಾಚನಾಲಯಕ್ಕೆ ಬರುತ್ತವೆಂದು ಶಾಲೆಯ ಮಾಸ್ತರರು ಹೇಳಿದ್ದೇ ತಡ, ರೈಲು ಹತ್ತಿದಳು. ಎಲ್ಲ ಇಂಗ್ಲಿಷಿನ ದಪ್ಪ ಸಂಪುಟಗಳು. ಅಲ್ಲಿನ ಗುಮಾಸ್ತ ಪುರಂದರ ಓದಿ ಹೇಳತೊಡಗಿದ. ಅವಳು ಬಾಗಿಲಿಗೂ ಮೇಜಿಗೂ ನಡೆದಾಡಿದಳು.

“ಇಲ್ಲುಂಟು ನೋಡಿ. ಸೇತುವೆ ಕೇಳಿದ್ದಾರೆ. ಈ ವರ್ಷ ಆಗುವುದಿಲ್ಲ ಅಂತ ಉತ್ತರ.” ಇನ್ನೊಂದು ಸಂಪುಟ ತೆರೆದ. “ಇಲ್ಲೂ ಉಂಟು. ಈ ಸಲ ಜಗಳವೇ ಆಡಿದ್ದಾರೆ.”

“ಬೇರೆ ಯಾವುದೋ ಊರಿರಬಹುದು.”

“ಇಲ್ಲ ಮಾರಾಯ್ತಿ, ಅತ್ತಿಮಾರು ಅಂತಲೇ ಉಂಟು.”

ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬೈಯಲು ಇದ್ದೊಬ್ಬ ಮನುಷ್ಯನೂ ಕೈತಪ್ಪಿದಂತಾಯಿತು.

ಊರಲ್ಲಿ ಹೇಳಿದರೆ, “ವಕೀಲರು ಸೀರೆ ಕೊಟ್ಟರಾ?” ಎಂದರು. ಕಿನ್ನಿಯ ಗಂಡ ಬಟ್ಯ ಮಾತ್ರ ಪೂರ್ತಿ ಕೇಳಿಸಿಕೊಂಡ.

“ಕೇಳಿದ್ದು ಹೌದಾದರೆ, ಇಲ್ಲಿ ಬಂದು ಹೇಳಲಿಕ್ಕೆ ಎಂತ ಕಷ್ಟ?”

ಮರುದಿನವೇ ಲೋಲಾಕ್ಷಿ ಕಾಸರಗೋಡಿನ ವಕೀಲರ ಮನೆಯ ಮೆಟ್ಟಿಲಲ್ಲಿ ನಿಂತು ಅದನ್ನೇ ಕೇಳಿದಳು. ವಕೀಲರು ತಲೆ ತಗ್ಗಿಸಿದರು.

“ಆಗಲಿಲ್ಲ ಅನ್ನಲು ಯಾವ ಮುಖ ಹೊತ್ತು ಬರಲಿ?”

“ಇದೇ ಮುಖದಲ್ಲಿ ಬನ್ನಿ. ಸೇತುವೆ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕಾದೆವು. ಇಲ್ಲ ಅಂತ ಗೊತ್ತಿದ್ದರೆ ಮಳೆಗೆ ಮುಂಚೆಯೇ ಕಿನ್ನಿಯನ್ನು ನನ್ನ ಮನೆಗೆ ತರುತ್ತಿದ್ದೆ.”

ವಕೀಲರು ಬಂದರು. ಬಟ್ಯನ ಜಗಲಿಯಲ್ಲಿ ಕೂತು ನಡೆದದ್ದನ್ನು ಹೇಳಿದರು. ಬಟ್ಯ ಬೆಲ್ಲ ನೀರು ಕೊಟ್ಟ. ಮದ್ರಾಸಿಗೆ ಹೋಗಿ ಅವರು ಮತ್ತೆ ಕೇಳಿದರಂತೆ, ಉತ್ತರ ಬದಲಾಗಲಿಲ್ಲ. ಈ ಸಲ ಅದನ್ನು ಕಾಗದ ಬರೆದು ತಿಳಿಸಿದರು.

ಮುಂದಿನ ಮಳೆಗೆ ಮೊದಲೇ ಲೋಲಾಕ್ಷಿ ಆಚೆ ದಡದ ತುಂಬು ಬಸುರಿಯರನ್ನು ತನ್ನ ಮನೆಗೆ ಕರೆತಂದಳು. ಅವರ ಊಟ, ಬಿಸಿನೀರು, ನೋಡಲು ಬಂದ ಅತ್ತೆಯರ ಗೊಣಗಾಟ, ಎಲ್ಲ ಅವಳ ತಲೆಗೇ ಬಂತು.