ನಾಲ್ಕು ವರ್ಷದಿಂದ ಅಂದೆ

ಅಣ್ಣ ಮೊದಲು ದವಡೆ ನೋವು ಅಂದ. ಹಲ್ಲಿರಬೇಕು ಅಂತ ಲವಂಗ ಕಚ್ಚಿಕೊಂಡು ಇಡ್ಲಿ ಬೇಯಿಸಿದ. ಎರಡು ದಿನ ಬಿಟ್ಟು ನೋವು ಎಡಗೈಗೆ ಇಳಿಯಿತು. ಹಿಟ್ಟಿನ ಡಬರಿ ಎತ್ತಿ ಉಳುಕಿದೆ ಅಂದ. ಆಮೇಲೆ ಎದೆ ಹಿಡಿಯಿತು. ಅದಕ್ಕೆ ಗ್ಯಾಸ್ ಅಂದ. ಸೋಡಾ ಕುಡಿದ. ಹೀಗೆ ಎಂಟು ದಿನ.

ಎಂಟೇ ದಿನ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಆದದ್ದೆಲ್ಲ ಈ ಲೆಕ್ಕ ತಪ್ಪಿದ್ದರಿಂದ ಆಯಿತು. ತಪ್ಪಿಸಿದವನು ನಾನು.

ದೆಹಲಿಯಲ್ಲಿ ಮಯೂರ್ ವಿಹಾರ್ ಪಕ್ಕದ ಹಳ್ಳಿಯಲ್ಲಿ ನಮಗೆ ಎರಡು ಬಾಡಿಗೆ ಕೋಣೆ. ಅಣ್ಣ ಚಂದ್ರು, ಅತ್ತಿಗೆ ಲಲಿತ, ನಾನು. ಅಣ್ಣ ಮೊದಲು ಕಿದ್ವಾಯಿ ನಗರದಲ್ಲಿ ಒಬ್ಬ ಕನ್ನಡದ ಆಫೀಸರ್ ಮನೆಯಲ್ಲಿ ಅಡುಗೆಗಿದ್ದ. ಅವರು ರಿಟೈರಾಗಿ ಊರಿಗೆ ಹೋದ ಮೇಲೆ ತಾನೇ ಇಡ್ಲಿ, ವಡೆ ಮಾಡಿ ಸೊಸೈಟಿ ಫ್ಲಾಟುಗಳಿಗೆ ಕೊಡಲು ಶುರು ಮಾಡಿದ. ನಾನು ಏಳನೇ ಕ್ಲಾಸ್ ಫೇಲ್. ನೋಯ್ಡಾದ ಒಂದು ಕಾಲ್ ಸೆಂಟರಿಗೆ ಕ್ಯಾಬ್ ಓಡಿಸುತ್ತಿದ್ದೆ. ನಮ್ಮ ರಸ್ತೆಯಲ್ಲಿ ಆಗಿನ್ನೂ ಮೆಟ್ರೋ ಕಂಬಗಳು ಏಳುತ್ತಿದ್ದವು.

ಒಂಬತ್ತನೇ ದಿನ ಬೆಳಗ್ಗೆ ಡ್ಯೂಟಿ ಮುಗಿಸಿ ಬಂದು ಕಾರು ನಿಲ್ಲಿಸುತ್ತಿದ್ದೆ. ಅತ್ತಿಗೆ ಓಡಿ ಬಂದರು. ಒಳಗೆ ಅಣ್ಣ ಗೋಡೆಗೊರಗಿ ಕೂತಿದ್ದ. ಬನಿಯನ್ ಪೂರ್ತಿ ಒದ್ದೆ. ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು.

"ಸೋಮು, ಸ್ಟವ್ ಮೇಲೆ ಇಡ್ಲಿ ಇದೆ ಕಣೋ, ಇಳಿಸು."

"ಇಡ್ಲಿ ಮನೆ ಹಾಳಾಗ್ಲಿ. ಏಳು ನೀನು."

ಅತ್ತಿಗೆ ಚಪ್ಪಲಿ ಕೂಡ ಹಾಕಿಕೊಳ್ಳಲಿಲ್ಲ. ಆದರೆ ದೇವರ ಫೋಟೋ ಹಿಂದಿನಿಂದ ಕಾರ್ಡ್ ತೆಗೆದುಕೊಂಡರು.

ಆ ಕಾರ್ಡ್ ಮೆಡಿಕ್ಲೇಮಿನದು. ಪ್ಲಾಸ್ಟಿಕ್ಕಿನದು, ಅಣ್ಣನ ಹೆಸರು ಉಬ್ಬು ಅಕ್ಷರದಲ್ಲಿತ್ತು. ಅಣ್ಣ ಇಡ್ಲಿ ಕೊಡುವ ಫ್ಲಾಟಿನ ರಾಮಮೂರ್ತಿ ಅನ್ನುವವರು ಮೂರು ವರ್ಷದ ಹಿಂದೆ ಮಾಡಿಸಿ ಕೊಟ್ಟಿದ್ದರು. ಅವರು ಕನ್ನಡದವರು, ವಿಮೆ ಏಜೆಂಟ್. "ಗೌರ್ಮೆಂಟ್ ನೌಕರರಿಗೆ ಡಿಸ್ಪೆನ್ಸರಿ ಇದೆ, ನಿನಗೇನಿದೆ ಚಂದ್ರು? ಕಾರ್ಡ್ ತೋರಿಸು, ಬೆಡ್ ಮೇಲೆ ಮಲಗು, ಅಷ್ಟೇ" ಅಂದಿದ್ದರು. ಅಣ್ಣ ಇಂಗ್ಲಿಷ್ ಫಾರಂನ ಕೆಳಗೆ ಸಹಿ ಹಾಕಿದ್ದ. ಮೇಲೆ ಏನಿದೆ ಅಂತ ಕೇಳಿರಲಿಲ್ಲ. ಮೂರು ವರ್ಷ ಒಂದು ಕಂತೂ ತಪ್ಪಿಸಿರಲಿಲ್ಲ.

ಕಾರ್ಡ್ ಇದೆಯಲ್ಲ ಅಂತ ದೊಡ್ಡ ಪ್ರೈವೇಟ್ ಆಸ್ಪತ್ರೆಗೇ ಹೋದೆವು. ಬಾಗಿಲಲ್ಲಿ ಕೇಳಿದ ಮೊದಲ ಮಾತೇ ಇನ್ಶೂರೆನ್ಸ್ ಇದೆಯಾ ಅಂತ. ಇದೆ ಅಂದಾಗ ಸ್ಟ್ರೆಚರ್ ಬೇಗ ಬಂತು.

ಕ್ಯಾಶುವಾಲ್ಟಿಯಲ್ಲಿ ಒಬ್ಬಳು ಜೂನಿಯರ್ ಡಾಕ್ಟರ್ ಇದ್ದಳು. ನನ್ನ ವಯಸ್ಸಿನವಳೇ. ಪ್ಯಾಡ್ ಹಿಡಿದು ಕೇಳಿದಳು.

"ದರ್ದ್ ಕಬ್ ಸೆ ಹೈ?"

ನೋವು ಯಾವಾಗಿನಿಂದ.

ನಾನು ನಾಲ್ಕು ವರ್ಷದಿಂದ ಅಂದೆ.

ಯಾಕೆ ಹಾಗಂದೆ ಅಂದರೆ, ನನಗೆ ಅದನ್ನು ಕಲಿಸಿದವನೇ ಅಣ್ಣ. ಎರಡು ಚಳಿಗಾಲದ ಹಿಂದೆ ನನಗೆ ಹೊಟ್ಟೆ ನೋವು ಬಂದು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆವು. ಯಾವಾಗಿನಿಂದ ಅಂದರು. ನಿನ್ನೆಯಿಂದ ಅಂದೆ, ನಿಜ ಅದೇ. ನಾಲ್ಕು ಗುಳಿಗೆ ಕೊಟ್ಟು ಕಳಿಸಿದರು. ಮಾರನೇ ದಿನ ಮತ್ತೆ ಹೋದಾಗ ಅಣ್ಣ ನನ್ನ ಬಾಯಿ ಮುಚ್ಚಿಸಿ "ಆರು ತಿಂಗಳಿಂದ ಸಾಬ್, ಊಟ ಬಿಟ್ಟಿದ್ದಾನೆ" ಅಂದ. ಆಗ ಹೊಟ್ಟೆ ಒತ್ತಿ ನೋಡಿದರು. ಅಪೆಂಡಿಕ್ಸ್. ಇನ್ನು ಸ್ವಲ್ಪ ತಡವಾಗಿದ್ದರೆ ಒಡೆಯುತ್ತಿತ್ತು ಅಂದರು. ನನ್ನ ಹೊಟ್ಟೆ ಮೇಲೆ ಆ ಗಾಯದ ಗುರುತು ಈಗಲೂ ಇದೆ. ಸರದಿಯಲ್ಲಿ ನಿಂತು ಬದುಕುವವರಿಗೆಲ್ಲ ಈ ವಿದ್ಯೆ ಗೊತ್ತು. ಕಡಿಮೆ ಹೇಳಿದರೆ ಮನೆಗೆ ಕಳಿಸುತ್ತಾರೆ.

ಹಾಗಾಗಿ ನಾಲ್ಕು ಅಂದೆ. ಎರಡು ಅಂದಿದ್ದರೂ ಆಗುತ್ತಿತ್ತು. ಬಾಯಿಗೆ ನಾಲ್ಕು ಬಂತು.

ಅವಳು ಬರೆದುಕೊಂಡಳು.

ಇಸಿಜಿ ಆಯಿತು. ಆಂಜಿಯೋಗ್ರಾಮ್ ಆಯಿತು. ಮೂರು ಕಡೆ ಬ್ಲಾಕ್, ಬೈಪಾಸ್ ಮಾಡಲೇಬೇಕು, ಈ ವಾರದೊಳಗೆ ಅಂದರು. ಅಣ್ಣನಿಗೆ ಮೂವತ್ತೊಂಬತ್ತು. ಕ್ಯಾಶ್‌ಲೆಸ್‌ಗೆ, ಅಂದರೆ ಬಿಲ್ಲನ್ನು ವಿಮೆ ಕಂಪನಿಯೇ ನೇರ ಕಟ್ಟುವುದಕ್ಕೆ, ಪೇಪರ್ ಫ್ಯಾಕ್ಸ್ ಮಾಡಿದ್ದೇವೆ, ನಾಳೆ ಒಪ್ಪಿಗೆ ಬರುತ್ತದೆ ಅಂದರು. ಆವತ್ತು ಅತ್ತಿಗೆ ಕ್ಯಾಂಟೀನಿನಲ್ಲಿ ಮೊದಲ ಸಲ ಟೀ ಕುಡಿದರು.

ಮಾರನೇ ದಿನ ಮಧ್ಯಾಹ್ನ ಇನ್ಶೂರೆನ್ಸ್ ಕೌಂಟರಿನವನು ಒಂದು ಹಾಳೆ ತಳ್ಳಿದ. ಇಂಗ್ಲಿಷ್ ಓದಲು ಬರುವುದಿಲ್ಲ, ನೀವೇ ಹೇಳಿ ಅಂದೆ.

"ರಿಜೆಕ್ಟ್. ಕಾಯಿಲೆ ಪಾಲಿಸಿಗಿಂತ ಹಳೇದು, ಅಂಥದಕ್ಕೆ ಕೊಡಲ್ಲ. ಪಾಲಿಸಿ ಮೂರು ವರ್ಷದ್ದು, ನೋವು ನಾಲ್ಕು ವರ್ಷದ್ದು."

"ಯಾರು ಹೇಳಿದ್ದು?"

ಅವನು ಕೇಸ್ ಶೀಟಿನ ಜೆರಾಕ್ಸ್ ತಿರುಗಿಸಿ ಬೆರಳಿಟ್ಟ. ಇಂಗ್ಲಿಷಿನಲ್ಲಿ ಒಂದು ಸಾಲು. ಅದರಲ್ಲಿ ನನಗೆ ಓದಲು ಬಂದದ್ದು ಒಂದೇ, 4.

ಹಾಳೆ ಎತ್ತಿಕೊಂಡೆ.

ಕ್ಯಾಶುವಾಲ್ಟಿಯ ಆ ಡಾಕ್ಟರನ್ನು ಹುಡುಕಿಕೊಂಡು ಮೂರು ಮಹಡಿ ಹತ್ತಿದೆ. "ಮೇಡಂ, ನಾಲ್ಕು ಅಂತ ನಾನು ಸುಳ್ಳು ಹೇಳಿದ್ದು. ಎಂಟು ದಿನ ಅಷ್ಟೇ. ತಿದ್ದಿಬಿಡಿ."

"ಸುಳ್ಳು ಯಾಕೆ ಹೇಳಿದೆ?"

"ನೀವು ಬೇಗ ನೋಡ್ಲಿ ಅಂತ."

ಅವಳು ನನ್ನನ್ನೇ ನೋಡಿದಳು. "ಭಯ್ಯಾ, ನೀನು ಏನೂ ಹೇಳದೇ ಇದ್ರೂ ನೋಡ್ತಿದ್ದೆ. ಇಸಿಜಿ ಇತ್ತಲ್ಲ."

ಕೇಸ್ ಶೀಟ್ ತಿದ್ದುವ ಹಾಗಿಲ್ಲ, ತಿದ್ದಿದರೆ ಅವಳ ಕೆಲಸ ಹೋಗುತ್ತದೆ. ಬೇರೆ ಹಾಳೆಯಲ್ಲಿ, ರೋಗಿ ಕಡೆಯವರು ಈಗ ಎಂಟು ದಿನ ಅನ್ನುತ್ತಿದ್ದಾರೆ ಅಂತ ಬರೆದು ಸಹಿ ಮಾಡಿ ಕೊಟ್ಟಳು. ಅದನ್ನೂ ಫ್ಯಾಕ್ಸ್ ಮಾಡಿದೆವು. ಸಂಜೆ ಉತ್ತರ ಬಂತು. ರಿಜೆಕ್ಟ್ ಆದ ಮೇಲೆ ಬದಲಾಯಿಸಿದ ಹೇಳಿಕೆ ನಡೆಯುವುದಿಲ್ಲ.

ಕಾರ್ಡಿನ ಹಿಂದಿದ್ದ ನಂಬರಿಗೆ ಫೋನ್ ಮಾಡಿದೆ. ಸಂಗೀತ ಬಂತು. ಪ್ರತಿ ಸಲ ಬೇರೆ ಬೇರೆಯವರು, ಎಲ್ಲರದೂ ಒಂದೇ ಮಾತು. ಆಮೇಲೊಂದು ದಿನ ನನ್ನ ಕ್ಯಾಬಿನಲ್ಲಿ ಕೂತಿದ್ದ ಹುಡುಗಿಗೆ ಇದನ್ನು ಹೇಳಿದೆ. ಅವಳದೂ ಅಂಥದೇ ಕೆಲಸ. "ಭಯ್ಯಾ, ನಮಗೆ ಪೇಷೆಂಟ್ ಕಾಣಲ್ಲ. ಸ್ಕ್ರೀನ್ ಮೇಲೆ ಒಂದು ಲೈನ್ ಇರತ್ತೆ, ಅದನ್ನ ಓದ್ತೀವಿ" ಅಂದಳು. ದಿನಾ ಇವರನ್ನೇ ಕೂರಿಸಿಕೊಂಡು ಓಡಾಡುತ್ತಿದ್ದೆ. ಒಂದು ದಿನವೂ ಕೇಳಿರಲಿಲ್ಲ.

ರಾಮಮೂರ್ತಿಯವರ ಮನೆಗೆ ಹೋದೆ. ಅವರು ಓಡಿಹೋಗಲಿಲ್ಲ, ಕೂರಿಸಿದರು, ನೀರು ಕೊಟ್ಟರು. ಕೇಳಿ ತಲೆ ಚಚ್ಚಿಕೊಂಡರು.

"ಯಾಕಪ್ಪಾ ಬಾಯಿ ಬಿಟ್ಟೆ? ಕಾರ್ಡ್ ಇರೋರು ಆಸ್ಪತ್ರೇಲಿ ಏನು ಕೇಳಿದ್ರೂ 'ಇವತ್ತೇ ಶುರುವಾಯ್ತು' ಅನ್ಬೇಕು. ಅಷ್ಟೂ ಗೊತ್ತಿಲ್ವಾ?"

"ಮಾರೋವಾಗ ಯಾಕ್ ಸಾರ್ ಹೇಳ್ಲಿಲ್ಲ?"

"ಅದನ್ನೆಲ್ಲ ಹೇಳ್ತಾ ಕೂತ್ರೆ ಪಾಲಿಸಿ ಯಾರು ತಗೋತಾರೆ?"

ಅವರು ಕೆಟ್ಟವರಲ್ಲ. ವಿಮೆ ಕಂಪನಿ ಆಫೀಸಿಗೆ ನನ್ನ ಜೊತೆ ಎರಡು ಸಲ ಬಂದರು. ಆದರೆ ನನಗೆ ಆವತ್ತು ಒಂದು ವಿಷಯ ತಿಳಿಯಿತು. ಸರ್ಕಾರಿ ಆಸ್ಪತ್ರೆಗೆ ಒಂದು ಸುಳ್ಳು, ಕಾರ್ಡ್ ಆಸ್ಪತ್ರೆಗೆ ಇನ್ನೊಂದು. ಓದಿದವರಿಗೆ ಎರಡೂ ಗೊತ್ತಿತ್ತು. ನನಗೆ ಒಂದೇ ಗೊತ್ತಿತ್ತು.

ಬೈಪಾಸ್‌ಗೆ ಕಟ್ಟುವಷ್ಟು ನಮ್ಮಲ್ಲಿ ಇರಲಿಲ್ಲ. ಅದುವರೆಗಿನ ಬಿಲ್ಲಿಗೇ ಅತ್ತಿಗೆ ಬಳೆ ಹೋಯಿತು. ಅಣ್ಣನನ್ನು ಬಿಡಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆವು. ಇಲ್ಲಿ ನಾನು ಬಾಯಿ ತೆರೆಯಲಿಲ್ಲ. ಯಾವಾಗಿನಿಂದ ಅಂದಾಗ ಅತ್ತಿಗೆಯೇ ಎಂಟು ದಿನ ಅಂದರು. ಡಾಕ್ಟರ್ ಪ್ರೈವೇಟ್ ಆಸ್ಪತ್ರೆಯವರು ಕೊಟ್ಟಿದ್ದ ಡಿಸ್ಚಾರ್ಜ್ ಸಮ್ಮರಿ ಓದಿದ.

"ಇದರಲ್ಲಿ ನಾಲ್ಕು ವರ್ಷ ಅಂತಿದೆ. ನಾಲ್ಕು ವರ್ಷ ತಡೆದಿದ್ದಾನೆ, ಇನ್ನು ಸ್ವಲ್ಪ ದಿನ ತಡೀತಾನೆ. ಇವನಿಗಿಂತ ಸೀರಿಯಸ್ ಇರೋರು ಹೊರಗಿದ್ದಾರೆ."

ಹನ್ನೊಂದು ವಾರ ಬಿಟ್ಟು ಡೇಟ್ ಕೊಟ್ಟ.

ನನ್ನ ಮಾತು ಆ ಕಾಗದದ ಜೊತೆ ಅಲ್ಲಿಗೂ ಬಂದಿತ್ತು.

ಏಳನೇ ವಾರ ಅಣ್ಣನಿಗೆ ಎರಡನೇ ಅಟ್ಯಾಕ್ ಆಯಿತು. ಬಾತ್‌ರೂಮಿನಲ್ಲಿ ಬಿದ್ದಿದ್ದ. ಬಾಗಿಲು ಒದ್ದು ತೆಗೆದೆ. ಈ ಸಲ ಎಮರ್ಜೆನ್ಸಿಯಲ್ಲಿ ಸೇರಿಸಿಕೊಂಡರು, ಆರನೇ ದಿನ ಆಪರೇಷನ್ ಆಯಿತು. ಎದೆಯ ಮಧ್ಯೆ ಸೀಳಿ ತಂತಿಯಲ್ಲಿ ಹೊಲಿದಿದ್ದರು. ಕಾಲಿನಿಂದ ನರ ತೆಗೆದಿದ್ದರು. ಡಾಕ್ಟರ್ ಎಕೋ ಅನ್ನುವ ಹೃದಯದ ಸ್ಕ್ಯಾನ್ ನೋಡಿ, ಜೀವ ಉಳಿದಿದೆ, ಆದರೆ ಹೃದಯದ ಒಂದು ಭಾಗ ಸತ್ತುಹೋಗಿದೆ, ಅದು ವಾಪಸ್ ಬರುವುದಿಲ್ಲ ಅಂದರು. ಭಾರ ಎತ್ತುವ ಹಾಗಿಲ್ಲ. ಒಲೆ ಮುಂದೆ ನಿಲ್ಲುವ ಹಾಗಿಲ್ಲ.

ಅಣ್ಣನಿಗೆ ಗೊತ್ತಿದ್ದ ಕೆಲಸ ಅದೊಂದೇ.

ವಿಮೆ ದೂರು ಕೇಳುವ ಆಫೀಸಿಗೆ ದೂರು ಕೊಟ್ಟಿದ್ದೆವು, ಕೆಲವು ತಿಂಗಳ ಮೇಲೆ ನಮ್ಮನ್ನು ಕರೆದರು. ಮೇಜಿನ ಆಚೆ ಸಾಹೇಬರು, ಈಚೆ ನಾನು, ಪಕ್ಕದಲ್ಲಿ ಕಂಪನಿ ಕಡೆಯವನು. ಅವನು ಆ ಸಾಲನ್ನು ಓದಿದ. ಅದು ಸುಳ್ಳು ಸಾರ್, ನಾನು ಹೇಳಿದ ಸುಳ್ಳು ಅಂದೆ. ಅವನು ನನ್ನ ಕಡೆ ತಿರುಗಿದ.

"ಆವತ್ತು ಸುಳ್ಳು ಹೇಳಿದೆಯಾ, ಇವತ್ತು ಹೇಳ್ತಿದ್ದೀಯಾ?"

"ಆವತ್ತು."

"ಪ್ರೂಫ್ ಏನು?"

ನಾಲ್ಕು ವರ್ಷದಲ್ಲಿ ಅಣ್ಣ ಒಬ್ಬ ಡಾಕ್ಟರ ಹತ್ತಿರವೂ ಹೋಗಿರಲಿಲ್ಲ, ಒಂದು ಚೀಟಿಯೂ ಇಲ್ಲ ಅಂದೆ. ಡಾಕ್ಟರ ಹತ್ತಿರ ಹೋಗದಿದ್ದರೆ ನೋವು ಇರಲಿಲ್ಲ ಅಂತ ಅರ್ಥವಲ್ಲ ಅಂದ ಅವನು. ಹಾಗಾದರೆ ನೋವಿರಲಿಲ್ಲ ಅನ್ನುವುದಕ್ಕೆ ಯಾವ ಕಾಗದ ತರಬೇಕು ಅಂತ ಕೇಳಿದೆ. ಸಾಹೇಬರು ಏನೋ ಬರೆದುಕೊಂಡರು. ಪೋಸ್ಟಿನಲ್ಲಿ ತೀರ್ಪು ಬಂತು. ಕಂಪನಿ ಮಾಡಿದ್ದು ಸರಿ.

ಆ ಕಾಗದವನ್ನು ಅಣ್ಣನಿಂದ ಮುಚ್ಚಿಡೋಣ ಅಂದುಕೊಂಡೆ. ಆಗಲಿಲ್ಲ. ಅವನು ಮಂಚದ ಮೇಲೆ ದಿಂಬು ಎದೆಗವಚಿಕೊಂಡು ಕೂತಿದ್ದ. ಕೆಮ್ಮು ಬಂದರೆ ಹೊಲಿಗೆ ನೋಯದಿರಲಿ ಅಂತ ಹಾಗೆ ಕೂರಲು ಹೇಳಿದ್ದರು, ಅದೇ ಅಭ್ಯಾಸವಾಗಿತ್ತು. ಕೆಳಗೆ ಕೂತು ಎಲ್ಲಾ ಹೇಳಿದೆ. ನಾಲ್ಕು ಅಂದದ್ದು ನಾನು ಅಂತ. ಅದುವರೆಗೆ ಆಸ್ಪತ್ರೆಯವರು ತಪ್ಪು ಬರೆದರು ಅಂತ ಅವನ ಮುಂದೆ ಹೇಳುತ್ತಾ ಬಂದಿದ್ದೆ.

ಅಣ್ಣ ಗೋಡೆ ನೋಡುತ್ತಾ ಅಂದ, "ನಾನು ಅಲ್ಲೇ ಸ್ಟ್ರೆಚರ್ ಮೇಲೆ ಇದ್ದೆನಲ್ಲೋ. ಕಿವಿ ಕೇಳಿಸ್ತಿತ್ತು."

"ಮತ್ತೆ ಸುಮ್ನೆ ಯಾಕಿದ್ದೆ?"

"ಪರವಾಗಿಲ್ಲ, ಹುಡುಗ ಕಲ್ತ್ಕೊಂಡಿದ್ದಾನೆ ಅಂದ್ಕೊಂಡೆ."

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. "ಇಬ್ರೂ ಒಂದೇ. ಎದ್ದು ಮಾತ್ರೆ ತಗೊಳ್ಳಿ ಈಗ" ಅಂದರು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಈಗ ಅತ್ತಿಗೆ ಇಡ್ಲಿ ಬೇಯಿಸುತ್ತಾರೆ, ಮೊದಲಿನ ಅರ್ಧದಷ್ಟು. ಅಣ್ಣ ಸ್ಟೂಲ್ ಮೇಲೆ ಕೂತು, ಹಿಟ್ಟು ಗಟ್ಟಿಯಾಯಿತು, ನೀರು ಹಾಕು ಅಂತ ತಕರಾರು ಮಾಡುತ್ತಾನೆ. ಡ್ಯೂಟಿಯಿಂದ ಬಂದು ಡಬ್ಬಿ ಹೊತ್ತು ಮಹಡಿ ಹತ್ತುವುದು ನನ್ನ ಕೆಲಸ. ಪಾಲಿಸಿ ರಿನ್ಯೂವಲ್ ಕಾಗದ ಬಂದಿತ್ತು. ಇನ್ನು ಮುಂದೆ ಹೃದಯದ ಕಾಯಿಲೆ ಬಿಟ್ಟು ಮಿಕ್ಕಿದ್ದಕ್ಕೆ ಕೊಡುತ್ತಾರಂತೆ. ಅಣ್ಣ ಕಟ್ಟು ಅಂದ. ಅದರಲ್ಲಿ ಲಲಿತಾನೂ ಇದ್ದಾಳೆ, ಅವಳಿಗೆ ಏನಾದ್ರೂ ಆದ್ರೆ ಅಂದ. ಕಟ್ಟಿದೆ. ಬೇರೆ ಏನು ಮಾಡುವುದು?

ಗೋಡೆ ಮೇಲೆ ಊರಿಂದ ಬಂದ ಕನ್ನಡ ಕ್ಯಾಲೆಂಡರ್ ಇದೆ. ಆಪರೇಷನ್ ಆದಾಗಿನಿಂದ, ಅಣ್ಣನಿಗೆ ನೋವು ಬಂದ ದಿನವೆಲ್ಲ ಅತ್ತಿಗೆ ಅದರ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾರೆ. ಹಾಲಿಗೂ ಅದೇ ಕ್ಯಾಲೆಂಡರ್, ಅದಕ್ಕೆ ಸೊನ್ನೆ. ಮೊದಲ ಎರಡು ತಿಂಗಳು ಗೀಟು ತುಂಬ ಇದ್ದವು.

ಹೋದ ವಾರ ಚೆಕಪ್ಪಿಗೆ ಹೋಗುವಾಗ ಅದನ್ನು ಮೊಳೆಯಿಂದ ತೆಗೆದು ಸುತ್ತಿಕೊಂಡು ಹೋದೆ. ಸರದಿಯಲ್ಲಿ ಎಲ್ಲರೂ ನೋಡಿದರು. ಹೊಸ ಡಾಕ್ಟರ್ ಒಬ್ಬ ತಲೆ ಎತ್ತದೆ, ಎಷ್ಟು ದಿನದಿಂದ ನೋವಿಲ್ಲ ಅಂತ ಕೇಳಿದ. ಅಣ್ಣ ನನ್ನ ಮುಖ ನೋಡಿದ.

ಕ್ಯಾಲೆಂಡರ್ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಕೊನೆಯ ಗೀಟಿನ ಮೇಲೆ ಬೆರಳಿಟ್ಟು, ಒಂದೊಂದೇ ಮನೆ ಎಣಿಸಿದೆ. ಹಿಂದಿನವರು ಬೈಯುತ್ತಿದ್ದರು. ಬೈಯಲಿ ಅಂತ ಬಿಟ್ಟೆ.

"ಇಪ್ಪತ್ತಾರು ದಿನದಿಂದ ಸಾಬ್" ಅಂದೆ.

ಅವನು ಬರೆದುಕೊಂಡ. ಏನು ಬರೆದ ಅಂತ ಬಗ್ಗಿ ನೋಡಿದೆ. 26 ಅಂತಲೇ ಇತ್ತು.